ಓದುಗರ ಪ್ರಶ್ನೆ, ನಮ್ಮ ಉತ್ತರ: ನೆರೂಳಿನಲ್ಲಿ ಸೋತ ಕೊಲಂಬಿಯಾದ ಹುಡುಗಿಯರು ಈಗ ಎಲ್ಲಿದ್ದಾರೆ?

ಮಹಿಳಾ ಫುಟ್‌ಬಾಲ್ ಕುರಿತ ಪ್ರಶ್ನೆಗಳನ್ನು ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ದಕ್ಷಿಣ ಅಮೆರಿಕದ ಕೊಲಂಬಿಯಾ ತಂಡದ ಬಗೆಗೇ ಇದ್ದವು. ಅದು ಸಹಜವೂ ಹೌದು. 2022ರಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್‌ನಲ್ಲಿ ಆ ತಂಡ ತನ್ನ ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್ ಪಂದ್ಯಗಳನ್ನು ಗೋವಾದಲ್ಲೂ ಫೈನಲ್ ಪಂದ್ಯವನ್ನು ನವಿಮುಂಬಯಿಯ ನೆರೂಳಿನಲ್ಲೂ ಆಡಿತ್ತು. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಒಂದು ತಂಡಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಎಂದಿನಂತೆ ಪ್ರಕಟಿಸುತ್ತಿಲ್ಲ.

ಪ್ರಶ್ನೆ: 2022ರ ಅಕ್ಟೋಬರ್ 30ರಂದು ನೆರೂಳಿನ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ನಡೆದ ಫೈನಲ್ ನೋಡಲು ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಸ್ಪೇನ್ ಎದುರು ಕೊಲಂಬಿಯಾ ಒಂದು ಸ್ವಯಂ ಗೋಲಿನಿಂದ ಸೋತಿತು. ಈಗ ಶಾಲಾ ತಂಡದಲ್ಲಿ ಡಿಫೆಂಡರ್ ಆಗಿ ಆಡುತ್ತಿರುವ ಮಗಳು, ಆ ಹುಡುಗಿ ಆಮೇಲೆ ಆಟವನ್ನೇ ಬಿಟ್ಟಳೇ ಎಂದು ಆಗಾಗ ಕೇಳುತ್ತಿರುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ.
(ಒಬ್ಬ ತಾಯಿ, ನೆರೂಳು)

ಉತ್ತರ: ಇಲ್ಲ, ಬಿಡಲಿಲ್ಲ. ಆಕೆಯ ಮುಂದಿನ ಕಥೆಯನ್ನು ತಾವು ಮಗಳಿಗೆ ಸಂತೋಷದಿಂದ ಹೇಳಬಹುದು.

ಆ ಆಟಗಾರ್ತಿಯ ಹೆಸರು ಆನಾ ಮರಿಯಾ ಗುಸ್ಮಾನ್. ಗೋಲಿಲ್ಲದೆ ಸಾಗಿದ್ದ ಪಂದ್ಯ 82ನೇ ನಿಮಿಷಕ್ಕೆ ಬಂದಾಗ ಚೆಂಡು ಅವರಿಗೆ ತಗುಲಿ ತಮ್ಮದೇ ಗೋಲಿನೊಳಗೆ ಹೋಯಿತು. ಪಂದ್ಯದ ಏಕೈಕ ಗೋಲು ಅದೇ ಆದುದರಿಂದ ಸ್ಪೇನ್ ಚಾಂಪಿಯನ್ ಆಯಿತು. ಹದಿಹರೆಯದ ಆಟಗಾರ್ತಿಗೆ ಅದಕ್ಕಿಂತ ಭಾರವಾದ ಸಂಜೆ ಇರಲಾರದು. ಆದರೆ ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಅವರು ಕೊಲಂಬಿಯಾದ ಹಿರಿಯರ ತಂಡದೊಂದಿಗೆ ಆಸ್ಟ್ರೇಲಿಯಾದಲ್ಲಿದ್ದರು. 2023ರ ಮಹಿಳಾ ವಿಶ್ವಕಪ್‌ನ ಪ್ರೀಕ್ವಾರ್ಟರ್‌ಫೈನಲ್ ಆಗಸ್ಟ್ 8ರಂದು ಮೆಲ್ಬರ್ನ್‌ನಲ್ಲಿತ್ತು, ಎದುರಾಳಿ ಜಮೈಕಾ. ಎಡಬದಿಯ ರಕ್ಷಣೆಯನ್ನು ನೋಡಿಕೊಳ್ಳುತ್ತಿದ್ದ ಮಾನುವೆಲಾ ವಾನೆಗಾಸ್ ಹಳದಿ ಕಾರ್ಡುಗಳಿಂದಾಗಿ ಆ ಪಂದ್ಯಕ್ಕೆ ಲಭ್ಯವಿರಲಿಲ್ಲವಾದ್ದರಿಂದ ಆ ಜಾಗದಲ್ಲಿ ಗುಸ್ಮಾನ್ ಅವರನ್ನು ಇಳಿಸಲಾಯಿತು. 51ನೇ ನಿಮಿಷದಲ್ಲಿ ಅವರು ಎಡಗಡೆಯಿಂದ ಮೈದಾನದ ಆಚೆ ಬದಿಗೆ ಉದ್ದವಾಗಿ ಒದ್ದ ಚೆಂಡು ಅನುಭವಿ ಆಟಗಾರ್ತಿ ಕತಲಿನಾ ಉಸ್ಮೆ ಅವರ ಕಾಲಿಗೆ ಸರಿಯಾಗಿ ಬಂದು ಸೇರಿತು. ಉಸ್ಮೆ ಅದನ್ನು ಗೋಲಾಗಿಸಿದರು. ಆ ಒಂದು ಗೋಲಿನಿಂದಲೇ ಕೊಲಂಬಿಯಾದ ಮಹಿಳೆಯರು ಮೊಟ್ಟಮೊದಲ ಬಾರಿಗೆ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್ ತಲುಪಿದರು.

ಡಿಫೆಂಡರ್ ಆಗಿ ಆಡುವ ಮಗಳಿಗೆ ಇನ್ನೊಂದು ವಿಷಯವನ್ನೂ ತಿಳಿಸಿ. ಸ್ವಯಂ ಗೋಲು ಆಗುವುದು ಹೆಚ್ಚಾಗಿ ಚೆಂಡಿನ ದಾರಿಗೆ ಅಡ್ಡ ನಿಲ್ಲಲು ಓಡಿಬಂದವರಿಂದ. ದೂರದಲ್ಲೇ ನಿಂತು ನೋಡಿದವರ ಕಾಲಿಗೆ ಚೆಂಡು ತಗುಲುವುದೂ ಇಲ್ಲ, ಅವರ ಹೆಸರು ಅಂಕಪಟ್ಟಿಯಲ್ಲಿ ಬರುವುದೂ ಇಲ್ಲ.

ಪ್ರಶ್ನೆ: ಫತೋರ್ಡಾ ಕ್ರೀಡಾಂಗಣದಲ್ಲಿ ಕೊಲಂಬಿಯಾ–ನೈಜೀರಿಯಾ ಸೆಮಿಫೈನಲ್ ನೋಡಿದವನು ನಾನು. ಆ ತಂಡದಲ್ಲಿದ್ದ ಲಿಂಡಾ ಕೈಸೆದೊ ಕ್ಯಾನ್ಸರ್ ಗೆದ್ದು ಬಂದವರೆಂದು ಆಮೇಲೆ ಕೇಳಿದೆ. ಇದು ನಿಜವೇ?
(ಬಂದರಿನಲ್ಲಿ ಕೆಲಸ ಮಾಡುವ ಓದುಗರು, ವಾಸ್ಕೋ)

ಉತ್ತರ: ನಿಜ. ತಾವು ನೋಡಿದ ಆ ಪಂದ್ಯವೂ ಚರಿತ್ರೆಯಲ್ಲಿ ಉಳಿಯುವಂಥದ್ದು. 2022ರ ಅಕ್ಟೋಬರ್ 26ರಂದು ಮಡಗಾಂವ್‌ನ ಫತೋರ್ಡಾದಲ್ಲಿ ಎರಡೂ ಕಡೆ ಗೋಲಿಲ್ಲದೆ ಮುಗಿದ ಪಂದ್ಯವನ್ನು ಕೊಲಂಬಿಯಾ ಪೆನಾಲ್ಟಿ ಶೂಟೌಟ್‌ನಲ್ಲಿ 6–5ರಿಂದ ಗೆದ್ದಾಗ, ಆ ದೇಶದ ಫುಟ್‌ಬಾಲ್ ತಂಡವೊಂದು, ಪುರುಷರದಾಗಲಿ ಮಹಿಳೆಯರದಾಗಲಿ, ಯಾವ ವಯೋಮಾನದ್ದೇ ಆಗಲಿ, ಮೊದಲ ಬಾರಿಗೆ ಫಿಫಾ ವಿಶ್ವಕಪ್‌ನ ಫೈನಲ್ ತಲುಪಿತ್ತು. ಅದಕ್ಕೆ ನಾಲ್ಕು ದಿನ ಹಿಂದೆ ಅದೇ ಮೈದಾನದಲ್ಲಿ ತಾಂಜಾನಿಯಾವನ್ನು ಆ ತಂಡ 3–0ರಿಂದ ಸೋಲಿಸಿತ್ತು. ಕೈಸೆದೊ ಆ ಟೂರ್ನಿಯಲ್ಲಿ ನಾಲ್ಕು ಗೋಲು ಹೊಡೆದರು.

ಕೈಸೆದೊ ಹುಟ್ಟಿದ್ದು 2005ರ ಫೆಬ್ರವರಿ 22ರಂದು. ಊರು ಕಾಲಿ ನಗರಕ್ಕೆ ಹತ್ತಿರದ ವಿಯಾಗೊರ್ಗೋನಾ. ಅದು ಕೌಕಾ ನದಿಯ ಕಣಿವೆ. ಕಣ್ಣು ಹಾಯಿಸಿದಷ್ಟೂ ಕಬ್ಬಿನ ಗದ್ದೆಗಳಿರುವ ಸೀಮೆ. ಅಲ್ಲಿ ಹುಡುಗರ ಜೊತೆ ಆಡಿ ಬೆಳೆದ ಅವರು 2019ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲೇ, ಅಮೆರಿಕಾ ದೆ ಕಾಲಿ ಕ್ಲಬ್ಬಿನ ಪರ ವೃತ್ತಿಪರ ಲೀಗ್‌ನಲ್ಲಿ ಆಡಲಿಳಿದರು. ಆ ವರ್ಷ ಕ್ಲಬ್ಬು ಲೀಗ್ ಗೆದ್ದಿತು, ಕೈಸೆದೊ ಅವರಿಗೆ ಹಿರಿಯರ ರಾಷ್ಟ್ರೀಯ ತಂಡದಲ್ಲೂ ಸ್ಥಾನ ದೊರೆಯಿತು. ಹದಿನೈದನೆಯ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯೂ ಕೀಮೋಥೆರಪಿಯೂ ಆದವು. ಗುಣಮುಖರಾಗಿ ಮರಳಿದ ಅವರು 2021ರಲ್ಲಿ ದೆಪೋರ್ತಿವೊ ಕಾಲಿ ಕ್ಲಬ್ಬಿನ ಜೊತೆ ಇನ್ನೊಮ್ಮೆ ಲೀಗ್ ಗೆದ್ದರು.

ಅಲ್ಲಿಂದ ಮುಂದಿನದನ್ನು ಓದುವಾಗಲೇ ಉಸಿರು ಕಟ್ಟುತ್ತದೆ. 2022ರ ಜುಲೈನಲ್ಲಿ ಸ್ವದೇಶದಲ್ಲೇ ನಡೆದ, ದಕ್ಷಿಣ ಅಮೆರಿಕದ ರಾಷ್ಟ್ರೀಯ ತಂಡಗಳ ಕೋಪಾ ಅಮೆರಿಕಾ ಟೂರ್ನಿಯ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಏಕೈಕ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಒಯ್ದ ಅವರು ಟೂರ್ನಿಯ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡರು. ಆಗಸ್ಟ್‌ನಲ್ಲಿ ಕೋಸ್ಟರಿಕಾದಲ್ಲಿ 20 ವರ್ಷದೊಳಗಿನವರ ವಿಶ್ವಕಪ್ ಆಡಿದರು. ಅಕ್ಟೋಬರ್‌ನಲ್ಲಿ ನಮ್ಮಲ್ಲಿಗೆ ಬಂದರು. ಹದಿನೆಂಟು ತುಂಬಿದ 2023ರ ಫೆಬ್ರವರಿಯಲ್ಲಿ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಕ್ಲಬ್ಬು ಸೇರಿದರು. ಅದೇ ವರ್ಷದ ಜುಲೈನಲ್ಲಿ ಹಿರಿಯರ ವಿಶ್ವಕಪ್ ಆಡಿದರು. ಒಂದು ವರ್ಷದೊಳಗೆ ಮೂರು ವಯೋಮಾನಗಳ ಮೂರು ವಿಶ್ವಕಪ್‌ಗಳು, ಮೂರರಲ್ಲೂ ಗೋಲು. ಜುಲೈ 30ರಂದು ಸಿಡ್ನಿಯಲ್ಲಿ ಜರ್ಮನಿಯ ಎದುರು ಅವರು ಹೊಡೆದ ಗೋಲನ್ನು ತಾವು ನೋಡಿಲ್ಲದಿದ್ದರೆ ದಯವಿಟ್ಟು ಹುಡುಕಿ ನೋಡಿ. ಗೋಲಿನ ಎಡಭಾಗದಲ್ಲಿ ಇಕ್ಕಟ್ಟಿನ ಜಾಗದಲ್ಲಿ ಇಬ್ಬರನ್ನು ತಪ್ಪಿಸಿ, ಚೆಂಡನ್ನು ಬಳುಕಿಸಿ ದೂರದ ಮೇಲ್ಮೂಲೆಗೆ ಸೇರಿಸಿದ್ದು ನಮ್ಮ ಕಾಲದ ಅತ್ಯಂತ ಸುಂದರ ಗೋಲುಗಳಲ್ಲಿ ಒಂದೆಂದು ಈ ಅಂಕಣಕಾರರ ಅಭಿಪ್ರಾಯ. ಜರ್ಮನಿ 89ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಸಮ ಮಾಡಿಕೊಂಡರೂ ತೊಂಬತ್ತು ನಿಮಿಷ ಮುಗಿದ ಮೇಲೆ ಸೇರಿಸಿದ ಹೆಚ್ಚುವರಿ ಸಮಯದ ಏಳನೇ ನಿಮಿಷದಲ್ಲಿ ವಾನೆಗಾಸ್ ತಲೆಯಿಂದ ಹೊಡೆದ ಗೋಲು ಕೊಲಂಬಿಯಾಕ್ಕೆ 2–1ರ ಗೆಲುವು ತಂದಿತು.

ಕೈಸೆದೊ ಅವರ ಬಗ್ಗೆ ಬರೆಯುವವರೆಲ್ಲ ಕಾಯಿಲೆಯನ್ನೇ ಮುಂದಿಟ್ಟು ಬರೆಯುತ್ತಾರೆ. ಆಕೆಯ ಧೈರ್ಯಕ್ಕೆ ತಲೆಬಾಗೋಣ. ಆದರೆ ಗುಣವಾಗಿ ಎದ್ದು ಬಂದ ಹುಡುಗಿಗೆ ಮರಳಿ ಹೋಗಲು ಒಂದು ಕ್ಲಬ್ಬು, ಒಂದು ಲೀಗ್, ತರಬೇತಿಗೊಂದು ಮೈದಾನ ಇದ್ದವು ಎಂಬುದನ್ನು ಮರೆಯಬಾರದು. ಅವರು ಹತ್ತು ವರ್ಷ ಮೊದಲು ಹುಟ್ಟಿದ್ದರೆ ಆ ವಯಸ್ಸಿನಲ್ಲಿ ಆ ಲೀಗ್ ಅವರ ಪಾಲಿಗೆ ಇರುತ್ತಿರಲಿಲ್ಲ.

ಪ್ರಶ್ನೆ: ಸುಮಾರು ಐದು ಕೋಟಿ ಜನಸಂಖ್ಯೆಯ ದೇಶವೊಂದು ಇಷ್ಟು ಬೇಗ ಮೇಲೆ ಬಂದಿದೆಯೆಂದರೆ ಅಲ್ಲಿನ ಫುಟ್‌ಬಾಲ್ ಮಂಡಳಿಯವರು ಹೆಣ್ಣುಮಕ್ಕಳಿಗೆ ಬಹಳ ಪ್ರೋತ್ಸಾಹ ಕೊಟ್ಟಿರಬೇಕಲ್ಲವೇ? ನಮ್ಮವರು ಅವರಿಂದ ಏಕೆ ಕಲಿಯಬಾರದು?
(ಮೋಟಾರು ಕಾರ್ಖಾನೆಯ ಉದ್ಯೋಗಿ, ಪಿಂಪ್ರಿ, ಪುಣೆ)

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕಾಗಿದೆ. ತಮ್ಮ ಊಹೆ ಸಹಜವಾದದ್ದೇ, ಆದರೆ ನಡೆದದ್ದು ಬಹುಮಟ್ಟಿಗೆ ಅದಕ್ಕೆ ವಿರುದ್ಧ.

ಕೊಲಂಬಿಯಾದ ಮಹಿಳೆಯರು ಮೊದಲು ವಿಶ್ವಕಪ್ ಆಡಿದ್ದು 2011ರಲ್ಲಿ. ಆಗ ಒಂದು ಗೋಲೂ ದಕ್ಕಲಿಲ್ಲ. 2015ರಲ್ಲಿ ಕೆನಡಾದಲ್ಲಿ ಮೆಕ್ಸಿಕೊ ವಿರುದ್ಧ ದಾನಿಯೆಲಾ ಮೊಂತೊಯಾ ಹೊಡೆದದ್ದು ಆ ದೇಶದ ಮೊದಲ ಮಹಿಳಾ ವಿಶ್ವಕಪ್ ಗೋಲು. ಅದೇ ಟೂರ್ನಿಯಲ್ಲಿ ಬಲಿಷ್ಠ ಫ್ರಾನ್ಸ್ ತಂಡವನ್ನು 2–0ರಿಂದ ಸೋಲಿಸಿ ಕೊಲಂಬಿಯಾ ಪ್ರೀಕ್ವಾರ್ಟರ್‌ಫೈನಲ್‌ಗೂ ಹೋಯಿತು. ಅಷ್ಟಾದ ಮೇಲೆ ಮೊಂತೊಯಾ, ಆಟಗಾರ್ತಿಯರಿಗೆ ಬರಬೇಕಾದ ಹಣ ಬಂದಿಲ್ಲವೆಂದು ಬಹಿರಂಗವಾಗಿ ಹೇಳಿದರು. 2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ಅವರ ಹೆಸರಿರಲಿಲ್ಲ. ಒಲಿಂಪಿಕ್ಸ್ ಮುಗಿದ ಬಳಿಕ ರಾಷ್ಟ್ರೀಯ ತಂಡ ದೀರ್ಘಕಾಲ ಪಂದ್ಯಗಳಿಲ್ಲದೆ ಕುಳಿತಿತು. 2017ರಲ್ಲಿ ರಾಷ್ಟ್ರೀಯ ತಂಡಗಳ ಹೊಸ ಜೆರ್ಸಿ ಬಿಡುಗಡೆಯಾದಾಗ ಪುರುಷರ ಜೆರ್ಸಿ ತೊಟ್ಟು ಆಟಗಾರರು ಕಾಣಿಸಿಕೊಂಡರೆ, ಮಹಿಳೆಯರ ಜೆರ್ಸಿ ತೊಡಿಸಿದ್ದು ಆಟಗಾರ್ತಿಗಲ್ಲ, ಹಿಂದೆ ಭುವನಸುಂದರಿ (ಮಿಸ್ ಯೂನಿವರ್ಸ್) ಕಿರೀಟ ಗೆದ್ದಿದ್ದ ರೂಪದರ್ಶಿಗೆ. 2018ರಲ್ಲಿ ಅತ್ಲೆತಿಕೊ ಉಯಿಲಾ ಕ್ಲಬ್ಬಿನ ಮಹಿಳೆಯರು ಖಂಡದ ಕ್ಲಬ್ ಪಟ್ಟವಾದ ಕೋಪಾ ಲಿಬೆರ್ತದೊರೆಸ್ ಗೆದ್ದಾಗ, ಬಹುಮಾನದ ಹಣ ತಮಗಲ್ಲ, ಪುರುಷರ ತಂಡಕ್ಕೆ ಹೋಗಲಿದೆಯೆಂದು ಆಟಗಾರ್ತಿ ಯೊರೆಲಿ ರಿಂಕೋನ್ ಎಲ್ಲರಿಗೂ ಕೇಳುವಂತೆ ಹೇಳಿದರು. ಇಷ್ಟೆಲ್ಲದರ ನಡುವೆ ಅದೇ ವರ್ಷದ ಕೋಪಾ ಅಮೆರಿಕಾದಲ್ಲಿ ನಾಲ್ಕನೆಯ ಸ್ಥಾನಕ್ಕೆ ಕುಸಿದ ಕೊಲಂಬಿಯಾ 2019ರ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ.

ಆಗ ಇಬ್ಬರು ಆಟಗಾರ್ತಿಯರು, ಇಸಬೆಲಾ ಎಚೆವೆರಿ ಮತ್ತು ಮೆಲಿಸಾ ಓರ್ತಿಸ್, 2019ರ ಆರಂಭದಲ್ಲಿ ಕ್ಯಾಮೆರಾ ಮುಂದೆ ಕುಳಿತು ತಮ್ಮ ಕಷ್ಟಗಳನ್ನು ಹೇಳಿಕೊಂಡರು: ವಿಮಾನದ ಖರ್ಚನ್ನು ಕೈಯಿಂದ ಹಾಕಬೇಕಾಗಿ ಬಂದದ್ದು, ಹಳೆಯ ಸಮವಸ್ತ್ರಗಳಲ್ಲಿ ಆಡಬೇಕಾದದ್ದು, ಭತ್ಯೆ ನಿಂತದ್ದು, ಬಾಯಿಬಿಟ್ಟರೆ ತಂಡದಿಂದ ಹೊರಗಾಗುವ ಭಯ. ಹೆಚ್ಚು ಆಟ, ಕಡಿಮೆ ಭಯ ಎಂಬರ್ಥದ ಅವರ ಕೂಗಿಗೆ ಇತರ ಆಟಗಾರ್ತಿಯರೂ ದನಿಗೂಡಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಲಿಮಾದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್‌ನಲ್ಲಿ ಅರ್ಜೆಂಟೀನಾವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ತಂಡ ಚಿನ್ನ ಗೆದ್ದಿತು. ದೂರು ಹೇಳಿದವರಿಗೆ ಆಟ ಬಾರದು ಎಂದು ಯಾರೂ ಹೇಳುವಂತಿರಲಿಲ್ಲ.

ಇನ್ನು ಲೀಗ್ ವಿಚಾರ. ಕೊಲಂಬಿಯಾದಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಆರಂಭವಾದದ್ದು 2017ರಲ್ಲಿ. ಆ ವರ್ಷ ರಾಜಧಾನಿ ಬೊಗೊಟಾದ ಎಲ್ ಕಾಂಪಿನ್ ಕ್ರೀಡಾಂಗಣದ ಫೈನಲ್‌ಗೆ 30,000ಕ್ಕೂ ಹೆಚ್ಚು ಜನ ಬಂದಿದ್ದರು. ಇಂಡಿಪೆಂದಿಯೆಂತೆ ಸಾಂತಾ ಫೆ ಚಾಂಪಿಯನ್ ಆಯಿತು. ಹೆಂಗಸರ ಆಟ ನೋಡಲು ಜನ ಬರುವುದಿಲ್ಲವೆಂಬ ಮಾತು ಅಂದೇ ಸುಳ್ಳಾಯಿತು. ಆದರೂ ಲೀಗ್ ಕೆಲವೇ ತಿಂಗಳಲ್ಲಿ ಮುಗಿದುಬಿಡುತ್ತಿತ್ತು. ಮಿಕ್ಕ ಕಾಲ ಆಟಗಾರ್ತಿಗೆ ಪಂದ್ಯವೂ ಇಲ್ಲ, ಸಂಬಳವೂ ಇಲ್ಲ. 2022ರ ಜುಲೈನಲ್ಲಿ ಕೋಪಾ ಅಮೆರಿಕಾ ಕಾಲಿ ನಗರದಲ್ಲಿ ಆರಂಭವಾಗುವ ಹೊತ್ತಿಗೆ, ಆ ವರ್ಷದ ಎರಡನೇ ಅರ್ಧದಲ್ಲಿ ಲೀಗ್ ನಡೆಯುವುದಿಲ್ಲವೆಂಬ ಸುದ್ದಿ ಬಂದಿತ್ತು. ಪರಾಗ್ವೆ ವಿರುದ್ಧದ ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆ ಮೊಳಗುತ್ತಿದ್ದಾಗ ಆಟಗಾರ್ತಿಯರು ಮುಷ್ಟಿ ಎತ್ತಿ ನಿಂತರು. ನಂತರ 4–2ರಿಂದ ಪಂದ್ಯವನ್ನೂ ಗೆದ್ದರು, ಆ ಟೂರ್ನಿಯ ಫೈನಲ್‌ವರೆಗೂ ಹೋದರು.

ಆದುದರಿಂದ ಕೊಲಂಬಿಯಾದಿಂದ ಕಲಿಯುವುದಾದರೆ ಆಡಳಿತಗಾರರಿಂದ ಅಲ್ಲ, ಆಟಗಾರ್ತಿಯರಿಂದ. ಮೊಂತೊಯಾ ಅವರು 2023ರ ವಿಶ್ವಕಪ್‌ನಲ್ಲಿ ಮತ್ತೆ ತಂಡದಲ್ಲಿದ್ದರು ಎಂಬುದನ್ನು ಸೇರಿಸದೆ ಈ ಉತ್ತರವನ್ನು ಮುಗಿಸಲು ಮನಸ್ಸಾಗುತ್ತಿಲ್ಲ.

ಪ್ರಶ್ನೆ: ಇಷ್ಟು ಒಳ್ಳೆಯ ತಂಡ ಬ್ರೆಜಿಲ್ ಎದುರು ಫೈನಲ್‌ನಲ್ಲಿ ಏಕೆ ಗೆಲ್ಲುತ್ತಿಲ್ಲ? ಮನೋಬಲದ ಕೊರತೆಯೇ?
(ಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರಾದ ದೈಹಿಕ ಶಿಕ್ಷಕರು, ಡೊಂಬಿವಲಿ)

ಉತ್ತರ: ಮಾನ್ಯರೇ, ಜೀವಮಾನವಿಡೀ ಮೈದಾನದಲ್ಲಿ ಮಕ್ಕಳನ್ನು ಆಡಿಸಿದ ತಮಗೆ ಈ ವಿಷಯದಲ್ಲಿ ನಾವು ಹೇಳುವುದು ಹೆಚ್ಚೇನಿಲ್ಲ, ಆದರೂ ಮನೋಬಲದ ಕೊರತೆ ಎಂಬುದನ್ನು ಒಪ್ಪಲಾರೆವು. ಕೊಲಂಬಿಯಾ 2010, 2014, 2022 ಮತ್ತು 2025ರಲ್ಲಿ ಕೋಪಾ ಅಮೆರಿಕಾದ ಎರಡನೇ ಸ್ಥಾನ ಪಡೆದಿದೆ. ನಾಲ್ಕೂ ಬಾರಿ ಚಾಂಪಿಯನ್ ಆದದ್ದು ಬ್ರೆಜಿಲ್. 2022ರಲ್ಲಿ ಬುಕಾರಮಾಂಗಾದಲ್ಲಿ ಸೋತದ್ದು ದೆಬಿನ್ಯಾ ಹೊಡೆದ ಒಂದು ಪೆನಾಲ್ಟಿಯಿಂದ. 2025ರ ಆಗಸ್ಟ್ 2ರಂದು ಈಕ್ವೆಡಾರ್‌ನ ಕೀಟೊದಲ್ಲಿ ನಡೆದ ಫೈನಲ್ ಅಂತೂ ಇನ್ನೂ ರೋಚಕ. ನಿಗದಿತ ಅವಧಿಯಲ್ಲಿ ಮೂರು ಸಲ ಮುನ್ನಡೆ ಪಡೆದದ್ದು ಕೊಲಂಬಿಯಾ. ಇನ್ನೇನು ಪಂದ್ಯ ಕೈಸೇರಿತು ಎನ್ನುವಾಗ, ಕೊನೆಯ ಹೊತ್ತಿಗೆ ಬದಲಿಯಾಗಿ ಬಂದ ಬ್ರೆಜಿಲ್‌ನ ಖ್ಯಾತ ಆಟಗಾರ್ತಿ, 39 ವರ್ಷದ ಮಾರ್ತಾ ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ದೂರದಿಂದ ಹೊಡೆದು 3–3 ಮಾಡಿದರು. ಮುಂದುವರಿದ ಮೂವತ್ತು ನಿಮಿಷಗಳ ಅವಧಿಯಲ್ಲಿ ಮಾರ್ತಾ ಇನ್ನೊಂದು ಗೋಲು ಹೊಡೆದರೆ, ಕೊಲಂಬಿಯಾದ ಲೈಸಿ ಸಾಂತೋಸ್ ಫ್ರೀಕಿಕ್‌ನಿಂದ ಅದನ್ನೂ ಸಮ ಮಾಡಿದರು. 4–4. ಕೊನೆಗೆ ಶೂಟೌಟ್‌ನಲ್ಲಿ ಬ್ರೆಜಿಲ್ 5–4ರಿಂದ ಗೆದ್ದಿತು.

ಅದಕ್ಕೆ ಒಂದು ವರ್ಷ ಮೊದಲು, ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ, ವಿಶ್ವ ಚಾಂಪಿಯನ್ ಸ್ಪೇನ್ ಎದುರು 2–0 ಮುನ್ನಡೆಯಲ್ಲಿದ್ದ ಕೊಲಂಬಿಯಾ ಹೆಚ್ಚುವರಿ ಸಮಯದ ಏಳನೇ ನಿಮಿಷದಲ್ಲಿ ಸಮ ಗೋಲು ಬಿಟ್ಟುಕೊಟ್ಟು ಶೂಟೌಟ್‌ನಲ್ಲಿ ಸೋತಿತ್ತು. ಎರಡು ಪಂದ್ಯಗಳಲ್ಲೂ ತಂಡ ಎಡವಿದ್ದು ತೊಂಬತ್ತನೇ ನಿಮಿಷ ದಾಟಿದ ಮೇಲೆ ಎಂಬುದನ್ನು ಗಮನಿಸಬೇಕು. ನಮ್ಮ ತಿಳಿವಳಿಕೆಯಲ್ಲಿ ಅದಕ್ಕೆ ಕಾರಣ ಕಾಲು ಮತ್ತು ಉಸಿರಿನ ದಣಿವು, ಜೊತೆಗೆ ಬೆಂಚಿನಿಂದ ಇಳಿಸಬಲ್ಲ ಸಮಬಲದ ಆಟಗಾರ್ತಿಯರ ಕೊರತೆ. ಬ್ರೆಜಿಲ್ ಮಾರ್ತಾ ಅವರನ್ನು ಬೆಂಚಿನಲ್ಲಿ ಕೂರಿಸಬಲ್ಲದು. ಕೈಸೆದೊ ರಿಯಲ್ ಮ್ಯಾಡ್ರಿಡ್‌ನಲ್ಲಿ, ಮೈರಾ ರಮಿರೆಸ್ ಇಂಗ್ಲೆಂಡಿನ ಚೆಲ್ಸಿಯಲ್ಲಿ ಪಳಗಿದ್ದಾರೆ, ಸರಿ. ಆದರೆ ಹದಿನೈದನೆಯ, ಇಪ್ಪತ್ತನೆಯ ಆಟಗಾರ್ತಿ ತಯಾರಾಗುವುದು ಸ್ವದೇಶದ ಲೀಗ್‌ನಲ್ಲಿ, ಅದೂ ವರ್ಷದ ಹೆಚ್ಚಿನ ತಿಂಗಳು ನಡೆಯುವ ಲೀಗ್‌ನಲ್ಲಿ. ಕೀಟೊದ ಫೈನಲ್ ತಲುಪಿದ್ದರಿಂದ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕೊಲಂಬಿಯಾ ಅರ್ಹತೆ ಪಡೆದಿದೆ ಎಂಬುದು ಸಮಾಧಾನದ ಸಂಗತಿ.

ಪ್ರಶ್ನೆ: ನಮ್ಮ ಕನ್ನಡ ಸಂಘವು ಪ್ರತಿವರ್ಷ ಯುವಕರಿಗಾಗಿ ಒಂದು ದಿನದ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತದೆ. ಈ ವರ್ಷ ಹುಡುಗಿಯರಿಗೂ ನಡೆಸಬೇಕೆಂದಿದ್ದೇವೆ. ಕೊಲಂಬಿಯಾದ ಅನುಭವದಿಂದ ನಾವೇನಾದರೂ ತಿಳಿದುಕೊಳ್ಳಬಹುದೇ?
(ಸಂಘವೊಂದರ ಕ್ರೀಡಾ ಕಾರ್ಯದರ್ಶಿ, ಪೊಂಡಾ, ಗೋವಾ)

ಉತ್ತರ: ಖಂಡಿತವಾಗಿ. ಟ್ರೋಫಿ, ಹಾರತುರಾಯಿ, ಅತಿಥಿಗಳ ವೇದಿಕೆ ಇವುಗಳಿಗೆ ಆಗುವ ಖರ್ಚನ್ನು ಕಡಿಮೆ ಮಾಡಿ, ಆ ಹಣದಲ್ಲಿ ನಾಲ್ಕು ತಂಡಗಳೇ ಇರಲಿ, ಮಳೆಗಾಲ ಮುಗಿದ ಮೇಲೆ ಮೂರು ತಿಂಗಳು ಪ್ರತಿ ಭಾನುವಾರ ಆಡಿಸಿ. ಒಂದು ದಿನದ ಪಂದ್ಯಾವಳಿಯಲ್ಲಿ ಬೆಳಗ್ಗೆ ಸೋತ ಹುಡುಗಿ ಮಧ್ಯಾಹ್ನ ಮನೆಗೆ ಹೋಗುತ್ತಾಳೆ, ಮತ್ತೆ ಆಡುವುದು ಮುಂದಿನ ವರ್ಷ. ವಾರವಾರ ಆಡುವವಳಿಗೆ ತಾನು ಕಳೆದ ವಾರ ಎಲ್ಲಿ ತಪ್ಪಿದೆನೆಂದು ತಿದ್ದಿಕೊಳ್ಳಲು ಅವಕಾಶವಿದೆ. ಮೈದಾನದ ಹತ್ತಿರ ಬಟ್ಟೆ ಬದಲಿಸಲು ಕೋಣೆ, ಶೌಚಾಲಯ, ಕತ್ತಲಾಗುವ ಮುನ್ನ ಮನೆ ಸೇರುವ ವ್ಯವಸ್ಥೆ ಇವು ಮೂರೂ ಇದ್ದರೆ ತಂದೆತಾಯಂದಿರು ಕಳುಹಿಸುತ್ತಾರೆ. ಆಡುವ ಮಕ್ಕಳಿಗೆ ಹೊಸ ಜೆರ್ಸಿ ಕೊಡಿ. ಅಣ್ಣಂದಿರ ತಂಡದ್ದು ಬೇಡ.

ನಮ್ಮ ದೇಶದ ಮಹಿಳಾ ಲೀಗ್, ಅಂದರೆ ಇಂಡಿಯನ್ ವಿಮೆನ್ಸ್ ಲೀಗ್, ಆರಂಭವಾದದ್ದೂ 2016–17ರ ಸಾಲಿನಲ್ಲೇ, ಹೆಚ್ಚುಕಡಿಮೆ ಕೊಲಂಬಿಯಾದ ಲೀಗ್ ಹುಟ್ಟಿದ ಹೊತ್ತಿಗೆ. ಆದುದರಿಂದ ನಾವು ಬಹಳ ತಡಮಾಡಿದೆವೆಂದು ಕೊರಗಬೇಕಾಗಿಲ್ಲ. 2022ರ ಜನವರಿಯಲ್ಲಿ ಇದೇ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಆಡುತ್ತಿದ್ದ ನಮ್ಮ ಹಿರಿಯರ ತಂಡ ಕೊರೊನಾ ಸೋಂಕಿನಿಂದಾಗಿ ಟೂರ್ನಿಯಿಂದಲೇ ಹೊರಬೀಳಬೇಕಾಯಿತು. ಅದೇ ತಂಡ 2025ರ ಜುಲೈನಲ್ಲಿ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ ಅರ್ಹತಾ ಸುತ್ತಿನ ಮೂಲಕವೇ ಏಷ್ಯಾ ಕಪ್‌ಗೆ ಪ್ರವೇಶ ಪಡೆಯಿತು. ತಮ್ಮ ಸಂಘದ ಭಾನುವಾರಗಳು ಚಿಕ್ಕ ಕೆಲಸವೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಪ್ರಶ್ನೆ: ಕೊಲಂಬಿಯಾದ ಆಟವನ್ನು ಮುಂದೆ ಯಾವಾಗ ನೋಡಬಹುದು?
(ಕಾಲೇಜು ವಿದ್ಯಾರ್ಥಿನಿ, ಠಾಣೆ)

ಉತ್ತರ: ಮುಂದಿನ ಮಹಿಳಾ ವಿಶ್ವಕಪ್ 2027ರ ಜೂನ್ 24ರಿಂದ ಜುಲೈ 25ರವರೆಗೆ ಬ್ರೆಜಿಲ್‌ನ ಎಂಟು ನಗರಗಳಲ್ಲಿ ನಿಗದಿಯಾಗಿದೆ, ದಕ್ಷಿಣ ಅಮೆರಿಕದಲ್ಲಿ ಇದು ಮೊದಲನೆಯದು. ಆತಿಥೇಯ ಬ್ರೆಜಿಲ್‌ಗೆ ನೇರ ಪ್ರವೇಶವಿದೆ, ಕೊಲಂಬಿಯಾ ಸೇರಿದಂತೆ ಖಂಡದ ಉಳಿದ ತಂಡಗಳು ಅರ್ಹತಾ ಹಂತದಲ್ಲಿ ಆಡಿಯೇ ಬರಬೇಕು. ರಿಯೊ, ಸಾವೊ ಪಾವ್ಲೊ ನಗರಗಳ ಗಡಿಯಾರ ನಮ್ಮದಕ್ಕಿಂತ ಎಂಟೂವರೆ ಗಂಟೆ ಹಿಂದಿರುವುದರಿಂದ ಅಲ್ಲಿನ ಸಂಜೆಯ ಪಂದ್ಯಗಳು ನಮಗೆ ನಡುರಾತ್ರಿ ಕಳೆದ ಮೇಲೆ ಬರುತ್ತವೆ. ಅಷ್ಟರವರೆಗೆ ಕಾಯುವುದು ಬೇಡವೆನಿಸಿದರೆ ಸ್ಪೇನ್‌ನ ಮಹಿಳಾ ಲೀಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡದ ಪಂದ್ಯಗಳನ್ನು ನೋಡಿ. ಎಡಬದಿಯಿಂದ ಚೆಂಡು ಹಿಡಿದು ಒಳನುಗ್ಗುವ ಕೈಸೆದೊ ಅವರನ್ನು ಗುರುತಿಸಲು ತಮಗೆ ಯಾರ ಸಹಾಯವೂ ಬೇಕಾಗುವುದಿಲ್ಲ.